ಕಿವಿ ಕಾಯುವ ಕೊಳವೆ

ಶೋಟೊ ಪಟ್ಟಣ ದಾಟಿ ಪಡುವಣಕ್ಕೆ ಹೊರಳಿದರೆ ಟಾರು ರಸ್ತೆ ಮುಗಿದು ಜಲ್ಲಿ ರಸ್ತೆ ಶುರುವಾಗುತ್ತದೆ. ಎದುರಿಗೆ ರಾಕಿ ಪರ್ವತಗಳು ಬಯಲಿನಿಂದ ಒಮ್ಮೆಗೇ ಎದ್ದು ನಿಂತಿವೆ. ನೆತ್ತಿಯಲ್ಲಿ ಇನ್ನೂ ಕರಗದ ಹಿಮ, ಬುಡದಲ್ಲಿ ಬೂದು ಹಸಿರಿನ ಸೇಜ್ ಪೊದೆ. ಅಮೆರಿಕದ ಮೊಂಟಾನಾ ರಾಜ್ಯದ ಈ ಸೀಮೆಯಲ್ಲಿ ಮೇ ತಿಂಗಳೆಂದರೆ ಬೆಳಗ್ಗೆ ಉಣ್ಣೆಯ ಟೊಪ್ಪಿಗೆ, ಮಧ್ಯಾಹ್ನ ಬರೀ ಅಂಗಿ. ಗಾಳಿಗೆ ಮಾತ್ರ ಹೊತ್ತುಗೊತ್ತಿಲ್ಲ. ಕಾಲುವೆಯ ನೀರಿನ ತಣ್ಪು, ಹಸಿ ಮಣ್ಣಿನ ವಾಸನೆ, ಸೇಜ್ ಎಲೆಯ ಕಹಿಗಂಪು ಎಲ್ಲವನ್ನೂ ಹೊತ್ತು ಒಂದೇ ಸಮನೆ ಬೀಸುತ್ತದೆ. ಬೇಲಿಗೂಟದ ಮೇಲೆ ಮೆಡೊಲಾರ್ಕ್ ಹಕ್ಕಿ ಕೂತಿದೆ. ಹಳದಿ ಎದೆ, ಅದರ ಮೇಲೊಂದು ಕಪ್ಪು ಪಟ್ಟಿ. ಅದು ಕೊರಳು ತೆರೆದಾಗ ಗಾಳಿಯೂ ಒಂದು ಗಳಿಗೆ ಹಿಂದೆ ಸರಿದಂತೆನಿಸುತ್ತದೆ.

ಬನ್ನಿ, ಬೇಲಿಯ ಗೇಟು ತೆರೆದು ಒಳಗೆ ಹೋಗೋಣ. ಮತ್ತೆ ಮುಚ್ಚುವುದನ್ನು ಮರೆಯಬಾರದು, ಒಳಗೆ ಕರುಗಳಿವೆ. ಕಣ್ಣು ಹಾಯುವವರೆಗೂ ಕುದುರೆ ಮೆಂತೆಯ ಹೊಲ. ನಮ್ಮ ಕಡೆ ದನಕ್ಕೆ ಹಾಕುವ ಅದೇ ಮೇವು ಇಲ್ಲಿ ಅಲ್ಫಾಲ್ಫಾ. ಇಲ್ಲಿನವರ ಬದುಕೆಲ್ಲ ಈ ಮೇವು, ದನ ಮತ್ತು ಪಕ್ಕದ ಫೇರ್‌ಫೀಲ್ಡ್ ಬಯಲಿನ ಬಾರ್ಲಿಯ ಮೇಲೆಯೇ ನಿಂತಿದೆ. ದೂರದಿಂದ ಹಚ್ಚಗೆ ಕಾಣುವ ಹೊಲ ಹತ್ತಿರ ಹೋದಂತೆ ಬೇರೆಯೇ ಕಥೆ ಹೇಳುತ್ತದೆ. ಅಲ್ಲಲ್ಲಿ ಬೋಳು ಮಚ್ಚೆಗಳು, ಮಚ್ಚೆಯ ನಡುವೆ ಮಣ್ಣಿನ ಗುಪ್ಪೆ, ಗುಪ್ಪೆಯ ಮಗ್ಗುಲಲ್ಲಿ ಮುಷ್ಟಿ ತೂರುವಷ್ಟು ಬಿಲ. ಚಿಗುರನ್ನು ಬುಡಸಮೇತ ಕತ್ತರಿಸಿದ ಗುರುತು ಬಿಲದ ಬಾಯಿಂದ ಬಾಯಿಗೆ ಹಾದಿಯಾಗಿ ಸಾಗಿದೆ.

ಅಷ್ಟರಲ್ಲಿ ಚೀಂ ಎಂದು ಒಂದು ಸಿಳ್ಳೆ. ಅದಕ್ಕೆ ಮಾರುತ್ತರ ಇನ್ನೊಂದು ಕಡೆಯಿಂದ. ಗುಪ್ಪೆಯ ಮೇಲೆ ಹಿಂಗಾಲಿನಲ್ಲಿ ನೆಟ್ಟಗೆ ನಿಂತ ಮರಳು ಬಣ್ಣದ ಪ್ರಾಣಿ ಬಾಲ ಪಟಪಟನೆ ಬಡಿದು ಬಿಲಕ್ಕಿಳಿಯುತ್ತದೆ. ಊರವರು ಇದನ್ನು ಗೋಫರ್ ಎನ್ನುತ್ತಾರೆ. ಪ್ರಾಣಿಶಾಸ್ತ್ರದಲ್ಲಿ ಇದು ರಿಚರ್ಡ್ಸನ್ ನೆಲ ಅಳಿಲು. ವರ್ಷದ ಬಹುಪಾಲು ನೆಲದೊಳಗೆ ನಿದ್ದೆಯಲ್ಲೇ ಕಳೆಯುವ ಜೀವ. ಹಿಮ ಕರಗುವ ಮೊದಲೇ ಗಂಡುಗಳು ಮೇಲೆ ಬರುತ್ತವೆ, ಹಿಂದೆಯೇ ಹೆಣ್ಣುಗಳು. ಮೇ ಹೊತ್ತಿಗೆ ಮರಿಗಳೂ ಬಿಸಿಲಿಗೆ ಬರುತ್ತವೆ. ಎಚ್ಚರಿರುವ ಕೆಲವೇ ತಿಂಗಳಲ್ಲಿ ಇಡೀ ವರ್ಷದ ಕೊಬ್ಬನ್ನು ಕೂಡಿಡಬೇಕಾದ್ದರಿಂದ ಅವು ತಿನ್ನುವುದೂ ಹಾಗೆಯೇ, ಬಿಡುವಿಲ್ಲದೆ. ತಿಂದದ್ದು ಒಂದು ನಷ್ಟ. ಹುಲ್ಲು ಕೊಯ್ಯುವ ಯಂತ್ರದ ಅಲಗು ಮಣ್ಣಿನ ಗುಪ್ಪೆಗೆ ಬಡಿದು ಮೊಂಡಾಗುವುದು ಇನ್ನೊಂದು ನಷ್ಟ. ಓಡುವ ಕುದುರೆಯ ಕಾಲು ಬಿಲಕ್ಕೆ ಸಿಕ್ಕಿ ಮುರಿಯುವ ಭಯ ಬೇರೆ.

ಹೊಲದ ಅಂಚಿನಲ್ಲಿ ನಿಂತ ಹಳೆಯ ಪಿಕಪ್ ಗಾಡಿಯ ಹಿಂಬಾಗಿಲು ತೆರೆದಿದೆ. ಅದರ ಮೇಲೆ ಕಾಫಿಯ ಫ್ಲಾಸ್ಕು, ತೋಟಾದ ಡಬ್ಬಿ, ಮರಳು ತುಂಬಿದ ಚೀಲ. ಚೀಲದ ಮೇಲೆ ನಳಿಗೆಯೂರಿದ ಕಿರುಗಾತ್ರದ ರೈಫಲ್. ಮಗ್ಗುಲಲ್ಲಿ ರೈತ, ಎಪ್ಪತ್ತರ ಮೇಲಿನ ಮನುಷ್ಯ. ಅವನ ಪಕ್ಕದಲ್ಲಿ ಕಾಲೇಜು ಮುಗಿಸಿ ಹೊಲದ ಕೆಲಸಕ್ಕೆಂದೇ ಮರಳಿ ಬಂದ ಮೊಮ್ಮಗಳು. ಗಾಡಿಯ ನೆರಳಿನಲ್ಲಿ ಕರಿಬಿಳಿ ನಾಯಿ. ಗೋಫರ್ ಹೊಡೆಯುವುದಕ್ಕೆ ಇಲ್ಲಿ ಬೇಟೆಯ ಋತು ಎಂಬುದಿಲ್ಲ, ಹೊಲದ ಒಡೆಯರ ಒಪ್ಪಿಗೆ ಸಾಕು. ವಿಷ ಬೆರೆಸಿದ ಕಾಳು ಹಾಕುವ ದಾರಿಯೂ ಉಂಟು. ಆದರೆ ವಿಷಕ್ಕೆ ಆಯ್ಕೆ ಗೊತ್ತಿಲ್ಲ. ಕಾಳು ಹೆಕ್ಕುವ ಹಕ್ಕಿಗೂ ಅದು ವಿಷವೇ, ಸತ್ತ ಗೋಫರನ್ನು ತಿಂದ ನರಿಗೂ ವಿಷವೇ. ಅದಕ್ಕೇ ಈ ಮನೆಯವರು ವಿಷ ಬಿಟ್ಟು ಕೋವಿ ಹಿಡಿದಿದ್ದಾರೆ.

ಇಬ್ಬರೂ ಕೆಲಸ ಹಂಚಿಕೊಂಡಿರುವ ರೀತಿಯನ್ನು ಗಮನಿಸಿ. ಸಿಳ್ಳೆ ಎಲ್ಲಿಂದ ಬಂತೆಂದು ಹುಡುಗಿ ಕೈ ತೋರಿಸುತ್ತಾಳೆ, ತಾತ ದುರ್ಬೀನು ಅತ್ತ ತಿರುಗಿಸಿ ಬಾಲದ ಅಲುಗಾಟ ಹುಡುಕುತ್ತಾನೆ. ಸಿಳ್ಳೆ ಅವನಿಗೆ ಕೇಳಿಸುವುದಿಲ್ಲ. ಮೆಡೊಲಾರ್ಕಿನ ಹಾಡಿನಲ್ಲೂ ಕೆಳಗಿನ ಸ್ವರಗಳಷ್ಟೇ ಅವನ ಪಾಲಿಗೆ ಉಳಿದಿವೆ. ಹುಡುಗನಾಗಿದ್ದಾಗಿನಿಂದ ಬರಿಗಿವಿಯಲ್ಲಿ ಕೋವಿ ಹಾರಿಸಿದವನು. ಆ ಕಾಲದಲ್ಲಿ ಕಿವಿಗೆ ಹತ್ತಿ ಇಟ್ಟುಕೊಳ್ಳುವುದೂ ಅಪರೂಪ. ಎರಡು ಕಿವಿಗಳಲ್ಲಿ ಎಡಗಿವಿ ಹೆಚ್ಚು ಮಂದ. ಬಲಭುಜಕ್ಕೆ ಕೋವಿಯೂರಿ ಕೆನ್ನೆ ಒರಗಿಸಿದಾಗ ನಳಿಗೆಯ ಬಾಯಿಗೆ ಎಡಗಿವಿ ತೆರೆದುಕೊಳ್ಳುತ್ತದೆ, ಬಲಗಿವಿ ತಲೆಯ ಮರೆಗೆ ಸರಿಯುತ್ತದೆ. ಬಲಗೈ ಬೇಟೆಗಾರರಲ್ಲಿ ಹಲವರಿಗೆ ಹೀಗೇ ಆಗುತ್ತದೆ.

ಹುಡುಗಿ ಕಿವಿಗೆ ಮಫ್ ಏರಿಸುತ್ತಾಳೆ, ತಾತನಿಗೂ ಸನ್ನೆ ಮಾಡುತ್ತಾಳೆ. ನೀವೂ ಕಿವಿ ಮುಚ್ಚಿಕೊಳ್ಳಿ. ಉಸಿರು ಅರ್ಧ ಬಿಟ್ಟು ತಡೆದ ಆ ಕ್ಷಣದಲ್ಲಿ ಹೊಲಕ್ಕೆ ಹೊಲವೇ ಸ್ತಬ್ಧ. ಢಮ್ಮೆನ್ನುವುದಿಲ್ಲ, ಛಟ್ಟೆಂದು ಸಿಡಿಯುತ್ತದೆ. ಸುಟ್ಟ ಮದ್ದಿನ ಖಾರವಾಸನೆ ಮೂಗಿಗೆ ಬಡಿಯುತ್ತದೆ. ನಾಯಿ ಕಿವಿ ಹಿಂದಕ್ಕೆ ಒತ್ತಿ ಗಾಡಿಯ ಕೆಳಗೆ ನುಸುಳುತ್ತದೆ. ಅದರ ಕಿವಿಗೆ ಮಫ್ ತೊಡಿಸುವವರು ಯಾರೂ ಇಲ್ಲ. ದೂರದ ದನಗಳು ತಲೆಯೆತ್ತುತ್ತವೆ. ಹೊಲದ ಅಷ್ಟೂ ಗೋಫರ್‌ಗಳು ಒಮ್ಮೆಲೇ ಬಿಲ ಸೇರುತ್ತವೆ, ಮತ್ತೆ ತಲೆ ಹೊರಹಾಕಲು ಅವಕ್ಕೆ ಬಹಳ ಹೊತ್ತು ಹಿಡಿಯುತ್ತದೆ.

ಇದು .22 ತೋಟಾ, ಕೋವಿಗಳ ಲೋಕದಲ್ಲಿ ತೀರಾ ಚಿಕ್ಕದು. ಆದರೂ ಇದರ ಸದ್ದು ಉದ್ದ ನಳಿಗೆಯಲ್ಲಿ 140 ಡೆಸಿಬೆಲ್ಲಿನ ಆಸುಪಾಸು ಮುಟ್ಟುತ್ತದೆ. ಒಂದೇ ಒಂದು ಸಿಡಿತದಿಂದಲೂ ಕಿವಿಗೆ ಹಾನಿಯಾಗಬಹುದೆಂದು ಆರೋಗ್ಯ ತಜ್ಞರು ಗೆರೆ ಎಳೆದಿರುವುದು ಇದೇ 140ರಲ್ಲಿ. ದೂರದ ಗುರಿಗೆ ತಾತ ಬಳಸುವ .223 ರೈಫಲ್ 160ನ್ನು ದಾಟುತ್ತದೆ. ಡೆಸಿಬೆಲ್ಲಿನ ಲೆಕ್ಕ ನಾವು ನೀವು ದಿನವೂ ಹಾಕುವ ಲೆಕ್ಕವಲ್ಲ. 10 ಏರಿದರೆ ಸದ್ದಿನ ತೀವ್ರತೆ 10 ಪಟ್ಟು, 20 ಏರಿದರೆ 100 ಪಟ್ಟು. ಒಳಗಿವಿಯ ಶಂಖದಲ್ಲಿ ಸದ್ದನ್ನು ಹಿಡಿಯುವ ಕೂದಲ ಕೋಶಗಳಿವೆ. ಸತ್ತುಹೋದ ಇಂಥ ಕೋಶಗಳನ್ನು ಹಕ್ಕಿಗಳ ಕಿವಿ ಮತ್ತೆ ಬೆಳೆಸಿಕೊಳ್ಳಬಲ್ಲದು. ಬೇಲಿಗೂಟದ ಮೆಡೊಲಾರ್ಕಿಗೆ ಇರುವ ಆ ಭಾಗ್ಯ ಮನುಷ್ಯನಿಗಾಗಲಿ ನಾಯಿಗಾಗಲಿ ಇಲ್ಲ. ಹೋದದ್ದು ಹೋಯಿತು, ಉಳಿಯುವುದು ಕಿವಿಯೊಳಗಿನ ಗುಂಯ್‌ಗುಟ್ಟುವಿಕೆ.

ಇದೇ ಕಾರಣಕ್ಕೆ ಹೊತ್ತು ನೆತ್ತಿಗೇರುವ ಮೊದಲೇ ಪಿಕಪ್ ಗಾಡಿ ಪಟ್ಟಣದ ಕಡೆ ಹೊರಟಿದೆ. ಮೊಮ್ಮಗಳಿಗೆ ಕೋವಿಯ ಸದ್ದಡಗಿಸುವ ಕೊಳವೆ, ಅಂದರೆ ಮೊದಲ ಸೈಲೆನ್ಸರ್ ಕೊಳ್ಳಬೇಕು. ಮನೆಯವರು ಬದಿಗಿಟ್ಟಿರುವ ಹಣ ಅಷ್ಟೇನೂ ಹೆಚ್ಚಿಲ್ಲ. ಹಿಂದಿನ ವರ್ಷದ ಮೇವಿನ ದುಡ್ಡು ಅದು.

ಅಂಗಡಿಯ ಬಾಗಿಲು ತಳ್ಳಿದರೆ ಗಂಟೆ ಕಿಣಿಯೆನ್ನುತ್ತದೆ. ಮೊದಲು ಎದುರಾಗುವುದು ಕೋವಿಗಳಲ್ಲ, ನಾಯಿಯ ಆಹಾರದ ಮೂಟೆ, ಬೇಲಿ ತಂತಿಯ ಸುರುಳಿ, ರಬ್ಬರ್ ಬೂಟು. ಅವುಗಳ ಹಿಂದೆ ಕೋವಿಯೆಣ್ಣೆ, ತೊಗಲು, ಬೆಳಗಿನಿಂದ ಕುದ್ದು ಕಪ್ಪಾದ ಕಾಫಿ ಎಲ್ಲ ಸೇರಿದ ವಾಸನೆ. ಗಾಜಿನ ಕಪಾಟಿನ ಹಿಂದೆ ಕನ್ನಡಕವನ್ನು ಹಣೆಗೇರಿಸಿಕೊಂಡ ಅಂಗಡಿಯಾಕೆ. ಈ ಹುಡುಗಿ ತೊಟ್ಟಿಲಲ್ಲಿದ್ದಾಗಿನಿಂದ ನೋಡಿದವಳು. ಹಸಿರು ಬಟ್ಟೆಯೊಂದನ್ನು ಗಾಜಿನ ಮೇಲೆ ಹಾಸಿ, ಅದರ ಮೇಲೆ ಕರಿಯ, ಬೂದು, ಕಂದು ಬಣ್ಣದ ಲೋಹದ ಕೊಳವೆಗಳನ್ನು ಒಂದೊಂದಾಗಿ ಸಾಲಿಡುತ್ತಾಳೆ. ಕೆಲವು ಅಂಗೈಯಷ್ಟುದ್ದ, ಕೆಲವು ಗೇಣುದ್ದ.

“ಮೊದಲು ಬೆಲೆ ಕೇಳಬೇಡ ಕಣಮ್ಮ. ಯಾವ ಕೋವಿಗೆ, ಯಾವ ಕೆಲಸಕ್ಕೆ ಅಂತ ಹೇಳು” ಎನ್ನುತ್ತಾಳೆ.

ಹುಡುಗಿ ಬೆರಳು ಮಡಚಿ ಹೇಳುತ್ತಾಳೆ. ದಿನನಿತ್ಯ ಹಿಡಿಯುವುದು .22. ಗಾಳಿ ಕಡಿಮೆಯಿದ್ದ ದಿನ ಇನ್ನಷ್ಟು ದೂರಕ್ಕೆ .17 ಎಚ್‌ಎಂಆರ್. ತಾತನ .223 ಆಗೊಮ್ಮೆ ಈಗೊಮ್ಮೆ. ಅಂಗಡಿಯಾಕೆ ತಲೆದೂಗಿ ಸಾಲಿನಿಂದ ಎರಡು ಮೂರು ಕೊಳವೆಗಳನ್ನು ಹಿಂದಕ್ಕೆ ಎತ್ತಿಡುತ್ತಾಳೆ. ಆಯ್ಕೆ ಅರ್ಧಕ್ಕರ್ಧ ಮುಗಿದದ್ದು ಅಲ್ಲಿಗೇ.

ಉಳಿದ ಕೊಳವೆಗಳಲ್ಲಿ ಒಂದರ ತುದಿಯ ಮುಚ್ಚಳ ತಿರುಗಿಸಿ ಒಳಗಿನದನ್ನು ಬಟ್ಟೆಯ ಮೇಲೆ ಸುರಿಯುತ್ತಾಳೆ. ನಡುವೆ ತೂತಿರುವ ಶಂಕುವಿನಾಕಾರದ ಬಿಲ್ಲೆಗಳು ಟಣಟಣ ಎಂದು ಹೊರಬರುತ್ತವೆ. ಇವಕ್ಕೆ ಬ್ಯಾಫಲ್ ಎನ್ನುತ್ತಾರೆ. ಗುಂಡು ನಡುವಿನ ತೂತಿನಲ್ಲಿ ಯಾವುದನ್ನೂ ಸೋಕದೆ ಹಾದುಹೋಗುತ್ತದೆ. ಅದರ ಹಿಂದೆ ನುಗ್ಗಿ ಬರುವ ಉರಿಗಾಳಿ ಮಾತ್ರ ಬಿಲ್ಲೆಯಿಂದ ಬಿಲ್ಲೆಗೆ ಹೊರಳಿ, ಸುತ್ತಿ, ತಣ್ಣಗಾಗಿ, ಬಿರುಸು ಕಳೆದುಕೊಂಡು ನಿಧಾನಕ್ಕೆ ಹೊರಬೀಳುತ್ತದೆ. ಕುದಿಯುವ ಕುಕ್ಕರಿನ ಮುಚ್ಚಳ ಒಮ್ಮೆಲೇ ಹಾರುವುದಕ್ಕೂ ಹಬೆಯನ್ನು ಸ್ವಲ್ಪ ಸ್ವಲ್ಪವೇ ಬಿಡುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ ತಾನೆ? ನಮ್ಮ ಮೋಟಾರು ಬೈಕಿನ ಸೈಲೆನ್ಸರಿನ ಒಳಗೂ ನಡೆಯುವುದು ಇದೇ ಕೆಲಸ. ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡಿನಲ್ಲಿದ್ದ ಹಿರಾಮ್ ಪರ್ಸಿ ಮ್ಯಾಕ್ಸಿಮ್ ಎಂಬ ಎಂಜಿನಿಯರ್ 1909ರಲ್ಲಿ ಕೋವಿಯ ಸೈಲೆನ್ಸರಿಗೆ ಪೇಟೆಂಟ್ ಪಡೆದ. ಅವನ ಕಂಪನಿ ಮುಂದೆ ಎಂಜಿನ್ನುಗಳ ಸದ್ದಡಗಿಸುವ ಸಾಧನಗಳನ್ನೂ ಮಾಡಿತು. ಮೆಷಿನ್ ಗನ್ ಕಂಡುಹಿಡಿದ ಹಿರಾಮ್ ಸ್ಟೀವನ್ಸ್ ಮ್ಯಾಕ್ಸಿಮ್ ಇವನ ತಂದೆ. ಆ ತಂದೆಗೆ ಮುಪ್ಪಿನಲ್ಲಿ ಕಿವಿ ಕೇಳಿಸುತ್ತಿರಲಿಲ್ಲ.

ಅಂಗಡಿಯಾಕೆ ಒಂದು ಬಿಲ್ಲೆಯನ್ನು ಬೆಳಕಿಗೆ ಹಿಡಿಯುತ್ತಾಳೆ. ಅಂಚಿನಲ್ಲೆಲ್ಲ ಬೂದು ಬಣ್ಣದ ಕಿಟ್ಟ. “.22ರ ಗುಂಡಿಗೆ ತಾಮ್ರದ ಹೊದಿಕೆ ಇರೋದಿಲ್ಲ, ಇದ್ದರೂ ತೆಳ್ಳಗೆ. ಪ್ರತಿ ಗುಂಡಿಗೂ ಇಷ್ಟಿಷ್ಟು ಸೀಸ ಉದುರಿ ಒಳಗೆ ಅಂಟುತ್ತೆ. ಬಿಚ್ಚಿ ತೊಳೆಯೋಕೆ ಆಗದೆ ಇರೋದನ್ನ ಕೊಂಡರೆ ಕೊಳವೆ ದಿನೇ ದಿನೇ ತೂಕ ಏರುತ್ತಾ ಹೋಗುತ್ತೆ ಅಷ್ಟೆ.” ಅಗ್ಗದ ಮೊದಲ ಸೈಲೆನ್ಸರ್ ಹುಡುಕುವವರು ಮೊಟ್ಟಮೊದಲು ನೋಡಬೇಕಾದದ್ದು ಇದನ್ನೇ. .22ಕ್ಕಾದರೆ ಬಿಚ್ಚಲು ಬರಬೇಕು. .223ಕ್ಕೆಂದು ಮಾಡಿದವು ಬಹುಪಾಲು ಬೆಸುಗೆ ಹಾಕಿ ಮುಚ್ಚಿದವು. ಅದರ ಗುಂಡಿಗೆ ಪೂರ್ತಿ ತಾಮ್ರದ ಹೊದಿಕೆ ಇರುತ್ತದೆ, ಒತ್ತಡವೂ ಹೆಚ್ಚು, ಒಳಗಿನ ಕಸವನ್ನು ಬಹುಮಟ್ಟಿಗೆ ಅದೇ ಊದಿ ಹೊರಹಾಕುತ್ತದೆ.

ತಾತ ಇಷ್ಟು ಹೊತ್ತು ಸುಮ್ಮನಿದ್ದವನು ಕೇಳುತ್ತಾನೆ: “ಒಂದನ್ನೇ ಕೊಂಡು ಎರಡೂ ಕೋವಿಗೆ ಹಾಕಬಹುದಲ್ಲ? ತಿರುಪು ಒಂದೇ ಅಳತೆ.”

ತಿರುಪು ಒಂದೇ ಅಳತೆ ಎಂಬುದು ನಿಜ. .22 ಮತ್ತು .223 ಎರಡರ ನಳಿಗೆಯ ತುದಿಯಲ್ಲೂ ಸಾಮಾನ್ಯವಾಗಿ ಅರ್ಧ ಇಂಚಿನ ವ್ಯಾಸಕ್ಕೆ ಇಂಚಿಗೆ 28 ಸುತ್ತಿನ ಥ್ರೆಡ್ ಇರುತ್ತದೆ. ಅಪಾಯವೂ ಅಲ್ಲೇ ಕೂತಿದೆ. ಅಂಗಡಿಯಾಕೆ ಕನ್ನಡಕ ಕೆಳಗಿಳಿಸಿ, ದನಿ ಗಟ್ಟಿ ಮಾಡಿ, ಅವನ ಬಲಗಿವಿಯ ಕಡೆ ಬಾಗಿ ಹೇಳುತ್ತಾಳೆ. .22ರ ಹಗುರ ಕೊಳವೆ .223ರ ಮೂತಿಗೆ ಸಲೀಸಾಗಿ ಕೂರುತ್ತದೆ. ಹಾಗೆ ಕೂರಿಸಿ ಹಾರಿಸಿದರೆ ಆ ಒತ್ತಡಕ್ಕೆ ಒಡೆದು ಚೂರಾಗಬಹುದು. ತಿರುಗಿಸಲು ಬಂದಿತೆಂಬುದು ಅಪ್ಪಣೆಯಲ್ಲ. ಕೊಳವೆಯನ್ನು ತಯಾರಿಸಿದವರು ಯಾವ ಯಾವ ತೋಟಾಕ್ಕೆ ಆಗುತ್ತದೆಂದು ಬರೆದಿದ್ದಾರೋ ಅದೇ ಕೊನೆಯ ಮಾತು. .22ಕ್ಕೆಂದು ಮಾಡಿದ ಒಳ್ಳೆಯ ಕೊಳವೆಗಳಲ್ಲಿ ಹಲವು .22 ಮ್ಯಾಗ್ನಮ್ ಮತ್ತು .17 ಎಚ್‌ಎಂಆರ್ ಎರಡನ್ನೂ ತಡೆಯುತ್ತವೆ, ಅಂದರೆ ಹುಡುಗಿಯ ಎರಡೂ ಕೋವಿಗೆ ಒಂದೇ ಸಾಕು. ಇನ್ನು .223ರ ಕೊಳವೆಯನ್ನು .22ಕ್ಕೆ ಹಾಕಿದರೆ ಒಡೆಯುವುದಿಲ್ಲ, ಆದರೆ ಬಿಚ್ಚಲಾಗದ ಅದರ ಹೊಟ್ಟೆಯಲ್ಲಿ ಸೀಸ ತುಂಬುತ್ತದೆ. ಮುಂದೆ ಜಿಂಕೆ ಬೇಟೆಯ .30 ಕೋವಿಯೂ ಬರಲಿದೆ ಎನ್ನುವವರು .30ರ ದೊಡ್ಡ ಕೊಳವೆ ಕೊಂಡು ಅದನ್ನೇ .223ಕ್ಕೂ ಬಳಸುತ್ತಾರೆ, ಸದ್ದು ತುಸು ಹೆಚ್ಚಿದರೂ ಒಂದರ ದುಡ್ಡಿನಲ್ಲಿ ಎರಡರ ಕೆಲಸ ಆಗುತ್ತದೆ.

ಈಗ ಹುಡುಗಿ ಎರಡು ಕೊಳವೆಗಳನ್ನು ಎರಡು ಕೈಯಲ್ಲಿ ತೂಗುತ್ತಿದ್ದಾಳೆ. ಒಂದು ಪೂರ್ತಿ ಅಲ್ಯೂಮಿನಿಯಂ, ಕೈಗೆ ತೂಕವೇ ಗೊತ್ತಾಗುವುದಿಲ್ಲ, ಸಾಲಿನಲ್ಲೇ ಅಗ್ಗ. ಇನ್ನೊಂದರ ಹೊರಕೊಳವೆ ಟೈಟಾನಿಯಂ, ಒಳಗಿನ ಬಿಲ್ಲೆಗಳು ಸ್ಟೇನ್‌ಲೆಸ್ ಸ್ಟೀಲು. .22ಕ್ಕೆ ಅಲ್ಯೂಮಿನಿಯಂ ಸಾಕಾಗುತ್ತದೆ, ಆದರೆ ತೊಳೆಯುವಾಗ ಕೈ ಮೆತ್ತಗಿರಬೇಕು. ತೀಕ್ಷ್ಣ ದ್ರಾವಣ ಅದನ್ನು ತಿನ್ನುತ್ತದೆ. ಸ್ಟೀಲು ಬಿಲ್ಲೆಯನ್ನಾದರೆ ಉಜ್ಜಬಹುದು, ಉಕ್ಕಿನ ಸಣ್ಣ ಕಡ್ಡಿಗಳ ಜೊತೆ ಉರುಳುವ ಡಬ್ಬಿಯಲ್ಲಿ ಹಾಕಿ ತಿರುಗಿಸಬಹುದು. ತೂಕದ ಲೆಕ್ಕ ನೋಡಿದರೆ .22ರವು 100ರಿಂದ 200 ಗ್ರಾಂ ಆಸುಪಾಸು. ಉದ್ದ ನಳಿಗೆಯ ತುದಿಯಲ್ಲಿ ಕೂರುವ ಭಾರ ದಿನವಿಡೀ ತೋಳಿಗೆ ಬೀಳುವಂಥದ್ದಾದ್ದರಿಂದ ಅಷ್ಟು ಅಂತರವೂ ಸಂಜೆ ಹೊತ್ತಿಗೆ ಗೊತ್ತಾಗುತ್ತದೆ. ಬೆಲೆಯ ಚೀಟಿ ಈಗ ತಿರುಗುತ್ತದೆ. .22ರ ಕೊಳವೆಗಳು ಸುಮಾರು 200ರಿಂದ 500 ಡಾಲರ್; .223ರವು 400ರಿಂದ ಶುರುವಾಗಿ 1,000ವನ್ನೂ ಮೀರುತ್ತವೆ. ನಳಿಗೆಯ ತುದಿಯಲ್ಲಿ ಥ್ರೆಡ್ ಇಲ್ಲದ ಹಳೆಯ ಕೋವಿಯಾದರೆ ಅದನ್ನು ಕೊರೆಸುವ ಕೂಲಿಯನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಆ ಕೊರೆತ ನಳಿಗೆಯ ತೂತಿಗೆ ಕೂದಲೆಳೆಯಷ್ಟೂ ಸೊಟ್ಟಗಿರಬಾರದು. ಸೊಟ್ಟಗಿದ್ದರೆ ಗುಂಡು ಬಿಲ್ಲೆಯನ್ನು ಸವರಿ ಕೊಳವೆಯನ್ನೇ ಹಾಳುಮಾಡುತ್ತದೆ. ಅಂಗಡಿಯಾಕೆ ಹುಡುಗಿಯ ಕೋವಿಗೆ ಕೊಳವೆ ತಿರುಗಿಸಿ, ನಳಿಗೆಯೊಳಗೆ ನೇರವಾದ ಉಕ್ಕಿನ ಸರಳೊಂದನ್ನು ಇಳಿಸಿ, ಇನ್ನೊಂದು ತುದಿಯ ತೂತಿನ ನಟ್ಟನಡುವೆ ಅದು ಬಂದಿದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಾಳೆ. ಬಂದಿದೆ.

“ಕೇಳಿಯೇ ನೋಡು, ಬಾ” ಎಂದು ಹಿಂಬಾಗಿಲು ತೆರೆಯುತ್ತಾಳೆ. ಅಂಗಡಿಯ ಹಿತ್ತಲಿನಲ್ಲಿ ಎತ್ತರದ ಮಣ್ಣಿನ ದಿಬ್ಬ, ಅದರ ಮುಂದೆ ತೂಗುಹಾಕಿದ ಕಬ್ಬಿಣದ ಬಿಲ್ಲೆಗಳು. ಮೊದಲ ಗುಂಡಿಗೆ ಹುಡುಗಿಯ ಹುಬ್ಬು ಗಂಟಾಗುತ್ತದೆ, ಸದ್ದು ನಿರೀಕ್ಷಿಸಿದ್ದಕ್ಕಿಂತ ಜೋರು. ಎರಡನೆಯದು ತಗ್ಗುತ್ತದೆ, ಮೂರನೆಯದು ಇನ್ನೂ ಮೆತ್ತಗೆ. ಕೊಳವೆಯೊಳಗೆ ಮೊದಲಿಗೆ ತುಂಬಿದ್ದ ಗಾಳಿಯ ಆಮ್ಲಜನಕದಲ್ಲಿ ಉಳಿಕೆ ಮದ್ದು ಉರಿದು ಆ ಮೊದಲ ಸದ್ದನ್ನು ಹೆಚ್ಚಿಸುತ್ತದೆ. ಆಮೇಲೆ ಒಳಗೆ ಉರಿಯಲು ಏನೂ ಉಳಿಯುವುದಿಲ್ಲ. ಒಳ್ಳೆಯ ಕೊಳವೆಯಲ್ಲಿ ಈ ಮೊದಲ ಸದ್ದಿಗೂ ಮಿಕ್ಕವುಗಳಿಗೂ ಅಂತರ ಕಡಿಮೆ. ಸಾಮಾನ್ಯವಾಗಿ ಸೈಲೆನ್ಸರ್ ತಗ್ಗಿಸುವುದು 20ರಿಂದ 35 ಡೆಸಿಬೆಲ್. ಸಿನಿಮಾದಲ್ಲಿ ಕೇಳುವ ಪಿಸುಗುಟ್ಟುವಿಕೆ ಇದಲ್ಲ. ಆದರೆ 30 ತಗ್ಗಿತೆಂದರೆ ಕಿವಿಯ ಮೇಲೆ ಬೀಳುವ ಸದ್ದಿನ ತೀವ್ರತೆ 1,000ದಲ್ಲಿ ಒಂದು ಪಾಲಿಗೆ ಇಳಿಯಿತು.

ಅಂಗಡಿಯಾಕೆ ತೋಟಾದ ಡಬ್ಬಿ ಬದಲಿಸುತ್ತಾಳೆ. ಈ ಸಲ ಸದ್ದು ಇನ್ನಷ್ಟು ಇಳಿದು, ದಿಬ್ಬದ ಕಬ್ಬಿಣಕ್ಕೆ ಗುಂಡು ತಗುಲಿದ ಟಣ್ ಎಂಬುದೇ ಎಲ್ಲಕ್ಕಿಂತ ಮುಂದಾಗಿ ಕೇಳುತ್ತದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಅದಕ್ಕಿಂತ ವೇಗವಾಗಿ ಹಾರುವ ಗುಂಡು ದಾರಿಯುದ್ದಕ್ಕೂ ಗಾಳಿಯನ್ನು ಸೀಳಿ ಛಟ್ಟೆನ್ನುತ್ತದೆ. ಆ ಸದ್ದು ಹುಟ್ಟುವುದು ಕೊಳವೆಯ ಆಚೆ, ಅದನ್ನು ಯಾವ ಕೊಳವೆಯೂ ತಡೆಯಲಾರದು. ಈಗ ಹಾಕಿದ ನಿಧಾನದ ತೋಟಾದ ಗುಂಡು ಆ ಗಡಿಯ ಕೆಳಗೇ ಉಳಿಯುತ್ತದೆ. ಹತ್ತಿರದ ಗೋಫರ್‌ಗೆ ಇದು ಸಾಕು, ದೂರಕ್ಕಾಗದು. .223ರ ಗುಂಡಿನ ವೇಗ ಸೆಕೆಂಡಿಗೆ 1,000 ಮೀಟರಿನ ಹತ್ತಿರ ಬರುವುದರಿಂದ ಅದರ ಛಟ್ ಸದ್ದು ಯಾವತ್ತೂ ತಪ್ಪಿದ್ದಲ್ಲ; ಅಂಥ ಕೋವಿಗೆ ಕೊಳವೆಯೂ ಬೇಕು, ಕಿವಿಗೆ ಮಫ್ಫೂ ಬೇಕು. ಮೇಲಿಂದ ಮೇಲೆ ಹಾರಿಸಿದರೆ ಕಾದ ಕೊಳವೆಯಿಂದ ಏಳುವ ಬಿಸಿಗಾಳಿ ಕೋವಿಯ ಮೇಲಿನ ದುರ್ಬೀನಿನ ಎದುರು ಬಿಸಿಲ್ಗುದುರೆಯನ್ನು ಎಬ್ಬಿಸಿ ಗುರಿಯನ್ನು ತೇಲಿಸುತ್ತದೆ. ಅದಕ್ಕೆಂದೇ ದಪ್ಪ ಬಟ್ಟೆಯ ಹೊದಿಕೆ ಸಿಗುತ್ತದೆ. ಕೊಳವೆ ಹಾಕಿದ ಮೇಲೆ ಗುಂಡು ಬೀಳುವ ಜಾಗ ತುಸು ಪಲ್ಲಟವಾಗುವುದೂ ಸಹಜ; ದುರ್ಬೀನನ್ನು ಹೊಸದಾಗಿ ಹೊಂದಿಸಿಕೊಂಡೇ ಹೊಲಕ್ಕಿಳಿಯಬೇಕು.

ತಾತ ಮಫ್ ತೆಗೆಯದೆ ಮೊಮ್ಮಗಳ ಮುಖವನ್ನೇ ನೋಡುತ್ತಿದ್ದಾನೆ. ಅಂಗಡಿಯ ಹೊಸ್ತಿಲಲ್ಲಿ ಮಲಗಿರುವ ನಾಯಿ ಈ ಸಲ ಎದ್ದಿಲ್ಲ.

ಒಳಗೆ ಬಂದ ಮೇಲೆ ಕಾಗದಪತ್ರದ ಕೆಲಸ. ಕೊಳವೆಯ ಮೇಲೆ ಕೆತ್ತಿದ ಕ್ರಮಸಂಖ್ಯೆಯನ್ನು ಅಂಗಡಿಯಾಕೆ ಬೆರಳಿಟ್ಟು ಓದಿ ಕಂಪ್ಯೂಟರಿಗೆ ಬರೆಯುತ್ತಾಳೆ. ಕೋವಿಯನ್ನು ಅಂದೇ ಒಯ್ಯಬಹುದಾದ ಈ ರಾಜ್ಯದಲ್ಲೂ ಅದರ ಮೂತಿಯ ಕೊಳವೆಯನ್ನು ಹಾಗೆ ಒಯ್ಯಲಾಗದು. ಮ್ಯಾಕ್ಸಿಮ್‌ನ ಕಾಲದಲ್ಲಿ ಕೆಲವೇ ಡಾಲರಿಗೆ ಸಿಗುತ್ತಿದ್ದ ಸಾಮಾನಿಗೆ 1934ರ ರಾಷ್ಟ್ರೀಯ ಬಂದೂಕು ಕಾಯ್ದೆ 200 ಡಾಲರ್ ತೆರಿಗೆ ಹೇರಿತು. ಆರ್ಥಿಕ ಕುಸಿತದ ಆ ದಿನಗಳಲ್ಲಿ ಸಾಮಾನ್ಯ ರೈತನೊಬ್ಬ ಕನಸಿನಲ್ಲೂ ತೆರಲಾಗದ ಮೊತ್ತ ಅದು. ದಶಕಗಳು ಉರುಳಿದರೂ ಆ 200 ಏರಲೂ ಇಲ್ಲ, ಇಳಿಯಲೂ ಇಲ್ಲ. 2025ರ ಜುಲೈಯಲ್ಲಿ ಬಂದ ಕಾನೂನು ಅದನ್ನು ಸೊನ್ನೆಗಿಳಿಸಿತು, 2026ರ ಜನವರಿ 1ರಿಂದ ಅದು ಜಾರಿಗೆ ಬಂತು. ಅಗ್ಗದ ಕೊಳವೆ ಹುಡುಕುವವರ ಪಾಲಿಗೆ ಇದು ದೊಡ್ಡ ಬದಲಾವಣೆ. ಮುಂಚೆ 300 ಡಾಲರಿನ ಸಾಮಾನಿಗೆ 500 ಬಿಚ್ಚಬೇಕಿತ್ತು. ನೋಂದಣಿ ಮಾತ್ರ ಹಾಗೆಯೇ ಉಳಿದಿದೆ. ಅರ್ಜಿ, ಫೋಟೊ, ಹತ್ತೂ ಬೆರಳಿನ ಗುರುತು, ಹಿನ್ನೆಲೆಯ ತಪಾಸಣೆ. ಅರ್ಜಿಯ ಒಂದು ಪ್ರತಿ ಊರಿನ ಪೊಲೀಸ್ ಮುಖ್ಯಸ್ಥರಿಗೆ. ಕೇಂದ್ರ ಇಲಾಖೆಯ ಒಪ್ಪಿಗೆ ಬರುವವರೆಗೆ ಕೊಳವೆ ಅಂಗಡಿಯ ತಿಜೋರಿಯಲ್ಲೇ ಇರಬೇಕು.

“ಯಾರ ಹೆಸರಿಗೆ?” ಎಂದು ಅಂಗಡಿಯಾಕೆ ಕೇಳುತ್ತಾಳೆ. ಸಣ್ಣ ಪ್ರಶ್ನೆಯೆಂದುಕೊಳ್ಳಬೇಡಿ. ಒಬ್ಬರ ಹೆಸರಿನಲ್ಲಿ ನೋಂದಾಯಿಸಿದರೆ ಅವರಿಲ್ಲದಾಗ ಮನೆಯ ಬೇರೊಬ್ಬರು ಅದನ್ನು ಒಯ್ಯುವಂತಿಲ್ಲ. ಮನೆಮಂದಿಯೆಲ್ಲ ಸೇರಿ ಟ್ರಸ್ಟ್ ಮಾಡಿಕೊಂಡು ಅದರ ಹೆಸರಿಗೆ ಪಡೆದರೆ ಟ್ರಸ್ಟಿನಲ್ಲಿರುವ ಯಾರು ಬೇಕಾದರೂ ಬಳಸಬಹುದು; ಆದರೆ ಅಷ್ಟೂ ಜನ ಬೆರಳಿನ ಗುರುತು ಕೊಡಬೇಕು. ತಾತ ಮೊಮ್ಮಗಳು ಮುಖ ಮುಖ ನೋಡಿಕೊಂಡು ಟ್ರಸ್ಟನ್ನೇ ಆರಿಸುತ್ತಾರೆ. ಮಸಿ ಹತ್ತಿದ ಮುದುಕನ ಬೆರಳುಗಳಲ್ಲಿ ಬೇಲಿತಂತಿಯ ಹಳೆಯ ಗಾಯದ ಗೆರೆಗಳು ಅಚ್ಚಿನ ಗೆರೆಗಳಿಗಿಂತ ಆಳವಾಗಿವೆ. ಒಮ್ಮೆ ನೋಂದಣಿಯಾದ ಕೊಳವೆಯನ್ನು ಇನ್ನೊಬ್ಬರಿಗೆ ಮಾರಬೇಕಾದರೆ ಇದೇ ಸುತ್ತು ಮತ್ತೆ ಸುತ್ತಬೇಕು. ಬೇಡವೆನಿಸಿದರೆ ಬದಲಿಸೋಣ ಎನ್ನುವ ಸಾಮಾನಲ್ಲ ಇದು, ಮೊದಲ ಆಯ್ಕೆಯಲ್ಲೇ ನಿಧಾನ ಬೇಕಾದದ್ದು ಅದಕ್ಕೆ.

ಇದನ್ನೆಲ್ಲ ಓದುವ ಅಮೆರಿಕದ ಕನ್ನಡಿಗರಿಗೂ ಒಂದು ಮಾತು ಇಲ್ಲಿ ಬೇಕು. 50 ರಾಜ್ಯಗಳಲ್ಲಿ 42ರಲ್ಲಿ ಮಾತ್ರ ಜನಸಾಮಾನ್ಯರು ಸೈಲೆನ್ಸರ್ ಇಟ್ಟುಕೊಳ್ಳಬಹುದು. ನಮ್ಮವರು ಹೆಚ್ಚಾಗಿ ನೆಲೆಸಿರುವ ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್, ಇಲಿನಾಯ್ ರಾಜ್ಯಗಳು ಆ ಪಟ್ಟಿಯಲ್ಲಿಲ್ಲ. ಕೇಂದ್ರ ಕಾನೂನಿನ ಕಣ್ಣಿಗೆ ಈ ಬರೀ ಕೊಳವೆಯೂ ಬಂದೂಕೇ. ಕೆಲಸದ ವೀಸಾದ ಮೇಲೆ ಇರುವವರಿಗೆ ಕೆಲವು ವಿನಾಯಿತಿಗಳ ಹೊರತು ಬಂದೂಕನ್ನು ಇಟ್ಟುಕೊಳ್ಳುವ ಹಕ್ಕೇ ಇಲ್ಲ. ಭಾರತದಲ್ಲಂತೂ ಕೋವಿಯ ಸದ್ದಡಗಿಸುವ ಸಾಧನ ನಿಷೇಧಿತ ವಸ್ತು. ಮನೆಮನೆಯಲ್ಲಿ ಕೋವಿಯಿಟ್ಟು ಕೈಲ್‌ಪೊಳ್ದಿಗೆ ಅದನ್ನು ಪೂಜಿಸುವ ಕೊಡಗಿನಲ್ಲೂ ಕಿವಿ ಕಾಯಲು ಇರುವ ದಾರಿ ಮಫ್ಫು ಮತ್ತು ಕಿವಿಬಿರಡೆ ಮಾತ್ರ. ತೋಟಕ್ಕೆ ನುಗ್ಗುವ ಕೋತಿ, ಹಂದಿಗಳನ್ನು ಬೆದರಿಸಲು ಪಟಾಕಿ ಸಿಡಿಸುವ ನಮ್ಮ ಮಲೆನಾಡಿನವರಿಗೂ ಈ ಮಾತು ಸಲ್ಲುತ್ತದೆ. ಸಿಡಿತ ಯಾವುದರದ್ದಾದರೂ ಕಿವಿಯ ಕೋಶಕ್ಕೆ ಒಂದೇ.

ಹೊರಡುವ ಮೊದಲು ಅಂಗಡಿಯಾಕೆ ತೊಳೆಯುವ ಕ್ರಮ ಹೇಳಿಕೊಡುತ್ತಾಳೆ. ಕೈಗೆ ಗವುಸು, ತೆರೆದ ಕಿಟಕಿ, ಅಡುಗೆಮನೆಯಿಂದ ದೂರ. ಸೀಸದ ಪುಡಿ ಉಸಿರಿಗೂ ಹೋಗಬಾರದು, ಊಟದ ತಟ್ಟೆಗೂ ಬರಬಾರದು. ವಿನಿಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಬಿಲ್ಲೆ ಅದ್ದಿಡುವ ಅಡ್ಡದಾರಿಯ ಬಗ್ಗೆ ಅವಳ ದನಿ ಮತ್ತೆ ಗಟ್ಟಿಯಾಗುತ್ತದೆ. ಕಿಟ್ಟವನ್ನು ಅದು ಕರಗಿಸುವುದು ನಿಜ, ಆದರೆ ಕರಗಿದ ನೀರು ಸೀಸದ ಅಸಿಟೇಟ್, ಚರ್ಮದ ಮೂಲಕವೂ ಇಳಿಯಬಲ್ಲ ವಿಷ. ಮೋರಿಗೆ ಚೆಲ್ಲಿದರೆ ನೀರೂ ಕೆಟ್ಟಿತು. ಹಣದ ಡಬ್ಬಿಯ ಪಕ್ಕದಿಂದ ತಾಮ್ರದ ಗುಂಡಿನ ತೋಟಾದ ಡಬ್ಬಿಯೊಂದನ್ನೂ ಅವಳು ಮುಂದೆ ಸರಿಸುತ್ತಾಳೆ. ಹೊಲದಲ್ಲಿ ಬಿದ್ದ ಗೋಫರ್‌ಗಳನ್ನು ಹೊಂಚುವ ಗಿಡುಗಗಳಿವೆ. ಅರ್ಜೆಂಟೀನಾದ ಹುಲ್ಲುಗಾವಲಿನಿಂದ ಪ್ರತಿ ವಸಂತಕ್ಕೆ ಮರಳಿ ಬರುವ ಸ್ವೇನ್‌ಸನ್ ಗಿಡುಗವೂ ಅವುಗಳಲ್ಲಿ ಒಂದು. ಒಡೆದು ಚೂರಾದ ಸೀಸದ ಗುಂಡು ಮಾಂಸದ ಜೊತೆ ಅವುಗಳ ಹೊಟ್ಟೆ ಸೇರುತ್ತದೆ. ವಿಷದ ಕಾಳು ಬೇಡವೆಂದು ಕೋವಿ ಹಿಡಿದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಲೆ ಹೆಚ್ಚಾದರೂ ಹುಡುಗಿ ಆ ಡಬ್ಬಿಯನ್ನು ಎತ್ತಿಕೊಳ್ಳುತ್ತಾಳೆ.

ಅವಳು ಆರಿಸಿದ್ದು ಸಾಲಿನಲ್ಲಿ ಅತಿ ಅಗ್ಗದ್ದೂ ಅಲ್ಲ, ಅತಿ ದುಬಾರಿಯದೂ ಅಲ್ಲ. ಸ್ಟೀಲು ಬಿಲ್ಲೆಯ, ಬಿಚ್ಚಿ ತೊಳೆಯಲು ಬರುವ, .22ಕ್ಕೂ .17ಕ್ಕೂ ಸಲ್ಲುವ ಗೇಣಿಗಿಂತ ಕಿರಿದಾದ ಕೊಳವೆ. ತಾತನ .223ಕ್ಕೆ ಈ ವರ್ಷ ಏನೂ ಇಲ್ಲ. ಮಿಕ್ಕ ಹಣದಲ್ಲಿ ಇಬ್ಬರಿಗೂ ಒಳ್ಳೆಯ ಮಫ್. ಲೆಕ್ಕ ಹಾಕಿ ನೋಡಿದರೆ ಇದೇ ಸರಿಯಾದ ಕ್ರಮ ಎನಿಸುತ್ತದೆ. ಯಾವ ಕೋವಿ ಹೆಚ್ಚು ಹೊತ್ತು ಕೈಯಲ್ಲಿರುತ್ತದೋ ಅದಕ್ಕೆ ಮೊದಲು. ಆ ತೋಟಾಕ್ಕೆ ಸಲ್ಲುವುದೇ ಎಂಬುದು ಎರಡನೆಯದು. ತೊಳೆಯಲು ಬರುವುದೇ ಎಂಬುದು ಮೂರನೆಯದು. ತೂಕ ತೋಳಿಗೆ ಒಗ್ಗುವುದೇ ಎಂಬುದು ಆಮೇಲೆ. ಇಷ್ಟನ್ನೂ ದಾಟಿ ಉಳಿದವುಗಳಲ್ಲಿ ಅಗ್ಗದ್ದನ್ನು ಕೊಂಡರೆ ಅದು ನಿಜಕ್ಕೂ ಅಗ್ಗ. ಒಪ್ಪಿಗೆ ಬಂದ ದಿನ ಫೋನ್ ಮಾಡುವೆನೆಂದು ಅಂಗಡಿಯಾಕೆ ಹೇಳುತ್ತಾಳೆ. “ಅವಳಿಗೇ ಮಾಡು. ನನಗೆ ಫೋನಿನ ಗಂಟೆ ಕೇಳಿಸೋದಿಲ್ಲ. ಅವಳಿಗೆ ನನ್ನ ವಯಸ್ಸಾದಾಗಲೂ ಕೇಳಿಸಬೇಕು, ಇಷ್ಟು ದುಡ್ಡು ಹಾಕ್ತಿರೋದು ಅದಕ್ಕೇ” ಎಂದು ತಾತ ಎದ್ದು ನಿಲ್ಲುತ್ತಾನೆ.